ಓಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್) ತಗೊಳ್ಳೋದೋ, ಕನ್ವೆಕ್ಷನ್ ಮೈಕ್ರೋವೇವೋ?

ಡೊಂಬಿವಲಿಯ ಪುಟ್ಟ ಫ್ಲ್ಯಾಟಿನ ಅಡುಗೆ ಕಟ್ಟೆಯ ಮೇಲೆ ಎರಡಕ್ಕೂ ಜಾಗವಿರುವುದಿಲ್ಲ, ಒಂದನ್ನೇ ಆರಿಸಬೇಕು.

ಪಾವ್, ಬ್ರೆಡ್, ಬಿಸ್ಕತ್ತು ಮುಖ್ಯವಾದರೆ ಓಟಿಜಿ. ಮೇಲೂ ಕೆಳಗೂ ಕಾಯುವ ರಾಡ್ ಇರುವುದರಿಂದ ತಳ ಚೆನ್ನಾಗಿ ಬೇಯುತ್ತದೆ. ಗೋವಾದ ಪದರ ಪದರದ ಸಿಹಿತಿಂಡಿ ಬೆಬಿಂಕಾ ಮಾಡುವವರಿಗಂತೂ ಇದೇ ಸರಿ: ಮೇಲಿನ ರಾಡ್ ಮಾತ್ರ ಹಾಕಿ ಒಂದೊಂದೇ ಪದರವನ್ನು ಕೆಂಪಗೆ ಮಾಡಬಹುದು. ಆದರೆ ಗುಂಡಿ 180 ಡಿಗ್ರಿ ತೋರಿಸಿದರೂ ಒಳಗೆ 160 ಇರಬಹುದು, 200 ಕೂಡ ಇರಬಹುದು. ಓವನ್ ಥರ್ಮಾಮೀಟರ್ ಒಂದನ್ನು ಒಳಗಿಟ್ಟು, 15 ನಿಮಿಷ ಮೊದಲೇ ಕಾಯಿಸಿ. ಟಿನ್ ಮೇಲಿನ ರಾಡಿಗೆ ಹತ್ತಿರವಾದರೆ ಕೇಕ್ ಮೇಲೆ ಕಪ್ಪಾಗುತ್ತದೆ, ನಡುವೆ ಹಸಿಯಾಗಿಯೇ ಉಳಿಯುತ್ತದೆ.

ಕನ್ವೆಕ್ಷನ್‌ನಲ್ಲಿ ಫ್ಯಾನ್ ಬಿಸಿಗಾಳಿ ತಿರುಗಿಸುತ್ತದೆ. ಅದಕ್ಕೇ ರೆಸಿಪಿಯಲ್ಲಿ ಹೇಳಿದ್ದಕ್ಕಿಂತ ಶಾಖವನ್ನು 15–20 ಡಿಗ್ರಿ ಇಳಿಸಿ. ಕೋಳಿ, ಆಲೂಗಡ್ಡೆ ಎಲ್ಲ ಕಡೆ ಸಮನಾಗಿ ಕೆಂಪಾಗುತ್ತವೆ, ನಿನ್ನೆಯ ಸಾರೂ ಬಿಸಿಯಾಗುತ್ತದೆ. ಹೆಚ್ಚಿನವಕ್ಕೆ ಕೆಳಗೆ ರಾಡ್ ಇಲ್ಲದ್ದರಿಂದ ಬ್ರೆಡ್ಡಿನ ತಳ ಬಿಳಿಚಿಕೊಳ್ಳುತ್ತದೆ. ಮೈಕ್ರೋವೇವ್ ಮೋಡ್‌ನಲ್ಲಿ ಕೇಕ್ ಟಿನ್ ಇಡಬೇಡಿ, ಕಿಡಿ ಹಾರುತ್ತದೆ. ಬೆಲೆಯೂ ಸಾಮಾನ್ಯವಾಗಿ ಜಾಸ್ತಿ.

ದಿನಕ್ಕೆ ನಾಲ್ಕು ಸಲ ಬಿಸಿ ಮಾಡುವ ಮನೆಗೆ ಕನ್ವೆಕ್ಷನ್, ವಾರಕ್ಕೊಮ್ಮೆ ಮನಸ್ಸಿಟ್ಟು ಬೇಕ್ ಮಾಡುವವರಿಗೆ ಓಟಿಜಿ. ಎರಡಕ್ಕೂ ಸಾಮಾನ್ಯವಾಗಿ 16 ಆಂಪಿಯರ್ ಸಾಕೆಟ್ ಬೇಕು; ಹಳೆಯ ಚಾಳಿನ ಮನೆಯಾದರೆ ಕೊಳ್ಳುವ ಮೊದಲೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ವೈರಿಂಗ್ ತೋರಿಸಿ.