ಯಾರದೋ ಬ್ಯಾಗ್ ಹಿಡಿದು ವಿಮಾನ ಹತ್ತಬೇಡಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಕಡೆಯಿಂದ ಹೊರದೇಶಕ್ಕೆ ಹೊರಟವರು, ಅವರನ್ನು ಕಳಿಸಿಕೊಡುವ ಮನೆಯವರು ಇದನ್ನು ದಯವಿಟ್ಟು ಪೂರ್ತಿ ಓದಿ. ನನ್ನ ಚಿಕ್ಕಪ್ಪನ ಮಗ ಈಗ ಕೊಲ್ಲಿಯ ಒಂದು ದೇಶದ ಜೈಲಿನಲ್ಲಿದ್ದಾನೆ. ಅವನು ಒಯ್ದ ಬ್ಯಾಗಿನಲ್ಲಿ ಚರಸ್, ಅಂದರೆ ಗಾಂಜಾ ಗಿಡದ ಅಂಟಿನಿಂದ ಮಾಡುವ ಮಾದಕ ವಸ್ತು, ಸಿಕ್ಕಿದೆ. ಕೇಸು ಇನ್ನೂ ನಡೆಯುತ್ತಿದೆ, ಹಾಗಾಗಿ ಅವನ ಹೆಸರು, ಊರು, ಆ ದೇಶ ಯಾವುದನ್ನೂ ಬರೆಯುವುದಿಲ್ಲ. ಉಳಿದದ್ದನ್ನು ಮುಚ್ಚಿಡುವುದಿಲ್ಲ. ಅವನ ಬಳಿ ಬಂದವರು ನಿಮ್ಮ ಮನೆ ಬಾಗಿಲಿಗೂ ಬರಬಹುದು.

ಹುಡುಗ ಪರ್ಸಿನ್ ಬೋಟಿನಲ್ಲಿ, ಅಂದರೆ ದೊಡ್ಡ ಬಲೆ ಬೀಸುವ ಮೀನುಗಾರಿಕೆ ಬೋಟಿನಲ್ಲಿ, ಕೆಲಸಕ್ಕೆ ಹೋಗುತ್ತಿದ್ದ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ ಅಂತ ನಿಮಗೆಲ್ಲ ಗೊತ್ತು. ಆ ಎರಡು ತಿಂಗಳು ದುಡಿಮೆ ಇಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಕಳೆದ ಮಳೆಗಾಲದಲ್ಲಿ ಅವನನ್ನು ಹುಡುಕಿಕೊಂಡು ಬಂದವನು ಗುರುತಿನವನೇ. ಗಲ್ಫಿನಲ್ಲಿ ಕೆಲವು ವರ್ಷ ಇದ್ದು ಬಂದವನು, ನಮ್ಮವರ ಮದುವೆ ಮುಂಜಿಗಳಲ್ಲಿ ಊಟಕ್ಕೆ ಕೂತವನು. ಊರಲ್ಲಿ ಎಲ್ಲರೂ ಅವನನ್ನು ಏಜೆಂಟ್ ಅಂತ ಕರೆಯುತ್ತಿದ್ದರು. ಲೈಸೆನ್ಸ್ ಇದೆಯಾ ಅಂತ ಕೇಳಿದವರು ಯಾರೂ ಇಲ್ಲ. "ವೀಸಾ, ಟಿಕೆಟ್ ಎಲ್ಲ ನಾನು ನೋಡ್ಕಳ್ತೆ. ಹೋಟೆಲಿನಲ್ಲಿ ಕೆಲಸ ರೆಡಿ ಇದೆ. ಸಂಬಳ ಬಂದ ಮೇಲೆ ನಿಧಾನಕ್ಕೆ ಕೊಡು" ಅಂದನಂತೆ. ಕೊಟ್ಟದ್ದು ವಿಸಿಟ್ ವೀಸಾ. ಅದರಲ್ಲಿ ಕೆಲಸ ಮಾಡುವ ಹಾಗೇ ಇಲ್ಲ ಅಂತ ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಹೊರಡುವ ಹಿಂದಿನ ದಿನ ಸಂಜೆ ಆ ಏಜೆಂಟ್ ಹೊಸ ಟ್ರಾಲಿ ಬ್ಯಾಗ್ ತಂದ. "ನಿನ್ನ ಬ್ಯಾಗಿನ ಚಕ್ರ ಹೋಗಿದೆ ಮಾರಾಯ, ಇದರಲ್ಲೇ ಹಾಕ್ಕೋ. ಅಲ್ಲಿ ನಮ್ಮ ಹುಡುಗ ಏರ್‌ಪೋರ್ಟಿಗೆ ಬರ್ತಾನೆ. ಸಾಮಾನು ತೆಗೆದುಕೊಂಡು ಬ್ಯಾಗ್ ಅವನಿಗೆ ಕೊಟ್ಬಿಡು" ಅಂದ. ಕೈಖರ್ಚಿಗೆ ಅಂತ ಒಂದಷ್ಟು ನೋಟನ್ನೂ ಹುಡುಗನ ಜೇಬಿಗೆ ತುರುಕಿದ. ಚಿಕ್ಕಮ್ಮ ಅದೇ ಬ್ಯಾಗಿಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಒಣ ಸಿಗಡಿ ತುಂಬಿದರು. ತುಂಬುವ ಮೊದಲು ಬ್ಯಾಗ್ ಎತ್ತಿ ನೋಡಿ, "ಖಾಲಿ ಬ್ಯಾಗೇ ಇಷ್ಟು ಭಾರ ಇದೆಯಲ್ಲ" ಅಂದಿದ್ದರು. "ಒಳ್ಳೆ ಕಂಪನಿದು ಅಕ್ಕಾ, ಗಟ್ಟಿ ಇರ್ತದೆ" ಅಂತ ಉತ್ತರ ಬಂತು. ಒಳಗಿನ ಬಟ್ಟೆಯ ಕೆಳಗೆ ಒಂದು ಹಲಗೆ, ಅದರ ಕೆಳಗೆ ಇನ್ನೊಂದು. ಎರಡರ ನಡುವೆ ಚಪ್ಪಟೆ ಪ್ಯಾಕೆಟ್‌ಗಳನ್ನು ಟೇಪ್ ಹಾಕಿ ಒತ್ತಿ ಕೂರಿಸಿದ್ದರಂತೆ. ಇದನ್ನು ಆಮೇಲೆ ಅಲ್ಲಿಯ ವಕೀಲರು ಹೇಳಿದರು.

ಹುಡುಗನಿಗೆ ಏನೂ ಅನುಮಾನ ಬಂದಿರಲಿಲ್ಲ ಅಂತ ನಾನು ಆಣೆ ಮಾಡಿ ಹೇಳಲಾರೆ. ಟಿಕೆಟ್ ಪುಕ್ಕಟೆ, ಬ್ಯಾಗ್ ಪುಕ್ಕಟೆ, ಮೇಲೆ ಕೈಗೆ ದುಡ್ಡು. ಯಾರಿಗಾದರೂ ಒಂದು ಕ್ಷಣ ಮನಸ್ಸು ಚುರುಕ್ ಅನ್ನುತ್ತದೆ. ಆದರೆ ಮನೆಯಲ್ಲಿ ಸಾಲ ಇದ್ದಾಗ ಆ ಒಂದು ಕ್ಷಣವನ್ನು ದಾಟಿಬಿಡುತ್ತೇವೆ. ಬಲೆಗೆ ಹಾಕುವವರು ಅಂಥವರನ್ನೇ ಆರಿಸಿಕೊಳ್ಳುತ್ತಾರೆ.

ಇನ್ನೊಂದು ವಿಷಯ ನನಗೆ ಜಾಸ್ತಿ ಸಂಕಟ ಕೊಡುತ್ತದೆ. ನಮ್ಮ ಕಡೆ ಗಲ್ಫಿಗೆ ಹೋಗುವವರ ಕೈಯಲ್ಲಿ ಪಾರ್ಸಲ್ ಕೊಡುವುದು ಹೊಸದಲ್ಲ. ಪಕ್ಕದ ಮನೆಯ ಮಗನಿಗೆ ಕೋಕಂ ಸಿಪ್ಪೆ, ಮಾವನ ಮಗಳಿಗೆ ಹಪ್ಪಳ, ಗೆಳೆಯನಿಗೆ ಒಣಮೀನು. ಒಯ್ಯುವುದಿಲ್ಲ ಅಂದರೆ "ದೊಡ್ಡವನಾಗಿಬಿಟ್ಟ" ಅಂತಾರೆ. ಎಷ್ಟೋ ಮನೆಗಳು ಹೀಗೆಯೇ ಪರದೇಶದ ಮಕ್ಕಳಿಗೆ ಊರಿನ ರುಚಿ ಮುಟ್ಟಿಸಿವೆ. ಆ ವಿಶ್ವಾಸದ ದಾರಿಯಲ್ಲೇ ಈ ಜನ ನುಗ್ಗಿದ್ದಾರೆ. ಇಲ್ಲ ಅನ್ನಲು ನಮಗೆ ನಾಚಿಕೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಹುಡುಗ ಅಲ್ಲಿ ಇಳಿದ ದಿನ ಫೋನ್ ಬರಲಿಲ್ಲ. ಮರುದಿನವೂ ಇಲ್ಲ. ಏಜೆಂಟನ ನಂಬರ್ ಸ್ವಿಚ್ಡ್ ಆಫ್. ಭಟ್ಕಳದ ಒಬ್ಬರು ಅಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ, ಅವರು ಓಡಾಡಿ ವಿಚಾರಿಸಿ, ಕಸ್ಟಮ್ಸ್‌ನವರು ಹಿಡಿದಿದ್ದಾರೆ ಅಂತ ತಿಳಿಸಿದರು. ಚಿಕ್ಕಪ್ಪ ಆ ಫೋನ್ ಹಿಡಿದುಕೊಂಡೇ ಜಗಲಿಯಲ್ಲಿ ಕೂತುಬಿಟ್ಟರು. ಆಮೇಲೆ ನಡೆದದ್ದೆಲ್ಲ ಕಾಗದ, ಫೋನ್, ಕಾಯುವುದು. ಹುಡುಗನಿಂದ ಅರೇಬಿಕ್‌ನಲ್ಲಿ ಬರೆದ ಹೇಳಿಕೆಗೆ ಸಹಿ ತೆಗೆದುಕೊಂಡಿದ್ದರು. ಅವನಿಗೆ ಬರುವುದು ಕನ್ನಡ, ಕೊಂಕಣಿ, ಸ್ವಲ್ಪ ಹಿಂದಿ. ಅದರಲ್ಲಿ ಏನಿತ್ತು ಅಂತ ಅವನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಭಾರತ ಸರ್ಕಾರ ಬಿಡಿಸಿಕೊಂಡು ಬರುತ್ತದೆ ಅಂತ ನಾವೂ ನಂಬಿದ್ದೆವು. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆವು. ಇದು 2015ರಿಂದ ಇದೆ, ದೂರು ಎಲ್ಲಿಗೆ ಬಂತು ಅಂತ ನೋಡಬಹುದು. ರಾಯಭಾರ ಕಚೇರಿಯವರು ಜೈಲಿಗೆ ಹೋಗಿ ಅವನನ್ನು ಕಂಡರು, ವಕೀಲರ ಪಟ್ಟಿ ಕೊಟ್ಟರು, ಮನೆಯವರ ಜೊತೆ ಮಾತಾಡಿಸಿದರು. ಅಷ್ಟು ಮಾಡಿದ್ದೇ ದೊಡ್ಡದು, ಅವರನ್ನು ದೂರುವುದಿಲ್ಲ. ಆದರೆ ಬೇರೆ ದೇಶದ ಕೋರ್ಟಿಗೆ ಅವನನ್ನು ಬಿಡಿ ಅಂತ ಅವರು ಹೇಳುವ ಹಾಗಿಲ್ಲ. ಅಲ್ಲಿ ನಡೆಯುವುದು ಅಲ್ಲಿಯ ಕಾನೂನು. ವಕೀಲರ ಫೀಸಿಗೆ ಚಿಕ್ಕಮ್ಮನ ಕರಿಮಣಿಯ ಬಂಗಾರವೂ ಹೋಯಿತು.

ಗೊತ್ತಿರಲಿಲ್ಲ ಅಂದರೆ ಬಿಟ್ಟುಬಿಡುತ್ತಾರೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಸಿಂಗಾಪುರದ 1973ರ ಕಾಯ್ದೆಯನ್ನೇ ನೋಡಿ. ನಿಮ್ಮ ಬಳಿ ಇದ್ದ ಚೀಲದಲ್ಲಿ ಡ್ರಗ್ಸ್ ಸಿಕ್ಕಿದರೆ ಅದು ನಿಮ್ಮದೇ, ನಿಮಗೆ ಗೊತ್ತಿತ್ತು ಅಂತಲೇ ಕೋರ್ಟು ಶುರು ಮಾಡುತ್ತದೆ. ಅಲ್ಲ ಅಂತ ಸಾಬೀತು ಮಾಡಬೇಕಾದವರು ನೀವು. ಅಲ್ಲಿ 15 ಗ್ರಾಂಗಿಂತ ಜಾಸ್ತಿ ಹೆರಾಯಿನ್ ಅಥವಾ 500 ಗ್ರಾಂಗಿಂತ ಜಾಸ್ತಿ ಗಾಂಜಾ ಸಾಗಿಸಿದರೆ ಮರಣದಂಡನೆ. ಸೌದಿ, ಇಂಡೋನೇಷ್ಯಾಗಳಲ್ಲೂ ಸಾಗಾಣಿಕೆಗೆ ಮರಣದಂಡನೆ ಇದೆ. ಹಡಗಿನ ಕೆಲಸಕ್ಕೆ ಹೋಗುವವರು ಇದನ್ನು ನೆನಪಿಡಿ: 2024ರ ಜುಲೈನಲ್ಲಿ ಇಂಡೋನೇಷ್ಯಾದಲ್ಲಿ ಒಂದು ಹಡಗಿನಲ್ಲಿ 106 ಕಿಲೋ ಮೆಥ್ ಅನ್ನುವ ಮಾದಕ ವಸ್ತು ಸಿಕ್ಕಿತು. ಅದರಲ್ಲಿದ್ದ ತಮಿಳುನಾಡಿನ ಮೂವರಿಗೆ 2025ರ ಏಪ್ರಿಲ್‌ನಲ್ಲಿ ಅಲ್ಲಿಯ ಕೋರ್ಟು ಮರಣದಂಡನೆ ವಿಧಿಸಿತು.

ನಮ್ಮ ದೇಶದ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯೂ ಮೆತ್ತಗಿಲ್ಲ. 1985ರ ಈ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಆರೋಪಿಗೆ ಉದ್ದೇಶ ಇತ್ತು ಅಂತಲೇ ಕೋರ್ಟು ಹಿಡಿಯುತ್ತದೆ. ಚರಸ್ ಒಂದು ಕಿಲೋ ದಾಟಿದರೆ, ಎಂಡಿಎಂಎ ಅನ್ನುವ ರಾಸಾಯನಿಕ ಮಾದಕ ವಸ್ತು 10 ಗ್ರಾಂ ದಾಟಿದರೆ ಅದು ವಾಣಿಜ್ಯ ಪ್ರಮಾಣ, ಅಂದರೆ ಕಾನೂನಿನ ಲೆಕ್ಕದಲ್ಲಿ ದೊಡ್ಡ ಪ್ರಮಾಣ. ಶಿಕ್ಷೆ 10ರಿಂದ 20 ವರ್ಷ, ಜೊತೆಗೆ ಒಂದರಿಂದ ಎರಡು ಲಕ್ಷ ದಂಡ. ಜಾಮೀನು ಸಿಗುವುದೇ ಕಷ್ಟ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಈಗ ಬ್ಯಾಂಕಾಕ್ ಟ್ರಿಪ್ಪಿನ ಆಸೆ ತೋರಿಸುವವರೂ ಹುಟ್ಟಿಕೊಂಡಿದ್ದಾರೆ. ಹೋಗಿ ಬರುವ ಖರ್ಚು ಅವರದು, ಬರುವಾಗ ಒಂದು ಪ್ಯಾಕೆಟ್ ತಂದರೆ ಸಾಕು. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದದ್ದು ನಿಜ. ಆ ದೇಶದಿಂದ ಹೊರಗೆ ತರಲು, ಇಲ್ಲಿಗೆ ಒಯ್ಯಲು ಅದು ಪರವಾನಗಿ ಅಲ್ಲ. ಬ್ಯಾಂಕಾಕ್‌ನಿಂದ ಹೈಡ್ರೋಪೋನಿಕ್ ಗಾಂಜಾ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ್ದು) ತಂದವರು ಮುಂಬಯಿ, ಬೆಂಗಳೂರಿನ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬೀಳುವ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇದೆ. ಅವರಲ್ಲಿ ಎಷ್ಟೋ ಜನ ಕಾಲೇಜು ಹುಡುಗರು.

ಸಂಬಂಧಿಕರು ಕೊಟ್ಟದ್ದಲ್ವಾ, ಅದಕ್ಕೇನು ಅನ್ನುವವರಿಗೆ ಕತಾರಿನ ಪ್ರಕರಣ ಹೇಳುತ್ತೇನೆ. 2019ರಲ್ಲಿ ಮುಂಬಯಿಯ ಒಂದು ಎಳೆ ದಂಪತಿಗೆ ಹತ್ತಿರದ ನೆಂಟರೇ ಹನಿಮೂನ್ ಉಡುಗೊರೆ ಅಂತ ಕತಾರ್ ಪ್ರವಾಸ ಮಾಡಿಸಿದರು. ಜೊತೆಗೊಂದು ಪೊಟ್ಟಣ, ಜರ್ದಾ ಇದೆ, ಅಲ್ಲಿ ಒಬ್ಬರಿಗೆ ಕೊಡಿ ಅಂದರು. ದೋಹಾದಲ್ಲಿ ಅದರೊಳಗೆ 4.1 ಕಿಲೋ ಹಶೀಶ್, ಅಂದರೆ ಚರಸ್, ಸಿಕ್ಕಿತು. ಹೆಂಡತಿ ಆಗ ಬಸುರಿ. ಇಬ್ಬರಿಗೂ 10 ವರ್ಷ ಶಿಕ್ಷೆಯಾಯಿತು. 2020ರ ಫೆಬ್ರುವರಿಯಲ್ಲಿ ಮಗು ಹುಟ್ಟಿದ್ದು ಜೈಲಿನಲ್ಲೇ. ಇತ್ತ ಮನೆಯವರು ಮಾದಕ ವಸ್ತು ನಿಯಂತ್ರಣದ ಕೇಂದ್ರ ಸಂಸ್ಥೆ ಎನ್‌ಸಿಬಿಗೆ ದೂರು ಕೊಟ್ಟು, ಇಲ್ಲಿ ತನಿಖೆ ನಡೆದು, ಆ ಆಧಾರದ ಮೇಲೆ ಅಲ್ಲಿ ಮರುವಿಚಾರಣೆ ಆಗಿ 2021ರಲ್ಲಿ ಬಿಡುಗಡೆಯಾದರು. ಎಲ್ಲರಿಗೂ ಹಾಗೆ ಆಗುವುದಿಲ್ಲ. ಹೊರದೇಶದ ಜೈಲುಗಳಲ್ಲಿ ಬೇರೆ ಬೇರೆ ಕಾರಣಕ್ಕೆ 10,000ಕ್ಕೂ ಹೆಚ್ಚು ಭಾರತೀಯರಿದ್ದಾರೆ ಅಂತ 2025ರಲ್ಲಿ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಜಾಸ್ತಿ ಇರುವುದು ಸೌದಿ ಮತ್ತು ಯುಎಇಯಲ್ಲಿ.

ಶಿಕ್ಷೆ ಆದರೂ ಊರಿಗೆ ತರಿಸಿಕೊಳ್ಳಬಹುದಲ್ಲ ಅಂತ ನಮಗೆ ಧೈರ್ಯ ಹೇಳಿದವರಿದ್ದಾರೆ. ಕೈದಿಗಳನ್ನು ವಾಪಸ್ ತರಿಸುವ ಕಾಯ್ದೆ 2003ರದ್ದು ಇದೆ, ಕೆಲವು ದೇಶಗಳ ಜೊತೆ ಒಪ್ಪಂದವೂ ಇದೆ. ಆದರೆ ತೀರ್ಪು ಅಂತಿಮ ಆಗಬೇಕು, ಎರಡೂ ದೇಶ ಒಪ್ಪಬೇಕು. ಬಂದ ಮೇಲೂ ಉಳಿದ ಶಿಕ್ಷೆಯನ್ನು ಇಲ್ಲಿಯ ಜೈಲಿನಲ್ಲಿ ಮುಗಿಸಬೇಕು. ಅದು ಬಿಡುಗಡೆ ಅಲ್ಲ.

ಸುಮ್ನೆ ಮನೆಯ ಸಾಮಾನು ಒಯ್ಯುವವರೂ ಒಮ್ಮೆ ನೋಡಿಕೊಳ್ಳಿ. ನಾವು ಪಾಯಸಕ್ಕೆ ಹಾಕುವ ಗಸಗಸೆ ಯುಎಇ, ಸೌದಿ, ಕತಾರಿನಲ್ಲಿ ನಿಷಿದ್ಧ. ಒಂದು ಚಿಟಿಕೆಯನ್ನೂ ಒಯ್ಯಬೇಡಿ, ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಬೇಡ. ಕವಳ ಹಾಕುವ ಅಭ್ಯಾಸ ಇದ್ದವರು ದುಬೈಗೆ ವೀಳ್ಯದೆಲೆ ಒಯ್ಯುವ ಹಾಗಿಲ್ಲ. ಕೆಲವು ನೋವಿನ ಮಾತ್ರೆಗಳು, ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ನಿದ್ದೆ ಮಾತ್ರೆ ಇವಕ್ಕೆ ಮೊದಲೇ ಅಲ್ಲಿಯ ಆರೋಗ್ಯ ಇಲಾಖೆಯ ಅನುಮತಿ ಬೇಕು. ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಬೇರೆಯವರ ಮಾತ್ರೆ ಮಾತ್ರ ಒಯ್ಯಲೇಬೇಡಿ, ಕೇಳಿದವರು ಎಷ್ಟೇ ಹತ್ತಿರದವರಾಗಲಿ.

ನಮ್ಮ ಮನೆಯಲ್ಲಿ ಈಗ ಒಂದೇ ನಿಯಮ. ಬ್ಯಾಗ್ ನಮ್ಮದೇ, ತುಂಬುವವರು ನಾವೇ, ಯಾರದೂ ಪಾರ್ಸಲ್ ಇಲ್ಲ. ಕೇಳಿದವರಿಗೆ "ಕೊರಿಯರ್ ಮಾಡಿ, ಖರ್ಚಿಗೆ ಬೇಕಾದರೆ ನಾನು ಕೊಡ್ತೇನೆ" ಅನ್ನಿ. ಬೇಜಾರಾದರೆ ಆಗಲಿ. ಕೆಲಸಕ್ಕೆ ಹೋಗುವುದಾದರೆ ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡಿ. ವಿಸಿಟ್ ವೀಸಾ ಕೊಟ್ಟು ಅಲ್ಲಿ ಬದಲಾಯಿಸೋಣ ಅಂದರೆ ಅಲ್ಲೇ ಬಿಡಿ.

ಅಲ್ಲಿ ಏನಾದರೂ ಆದರೆ ಮೊದಲ ಮಾತು ಭಾರತದ ರಾಯಭಾರ ಕಚೇರಿಗೆ ತಿಳಿಸಿ ಅಂತಲೇ ಇರಲಿ. ಹಾಗೆ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಲ್ಲೇ ಇದೆ. ಅನುವಾದಕ ಬರುವವರೆಗೆ ಸಹಿ ಹಾಕಬೇಡಿ. ಮನೆಯವರು ಏಜೆಂಟನ ವಾಟ್ಸ್ಯಾಪ್ ಮೆಸೇಜು, ಕಾಲ್ ವಿವರ, ಟಿಕೆಟ್ ಬುಕ್ ಮಾಡಿದವರ ಹೆಸರು, ಹಣ ಹಾಕಿದ ಖಾತೆ ಯಾವುದನ್ನೂ ಅಳಿಸಬಾರದು. ನಾವು ಇಲ್ಲಿ ಪೊಲೀಸರಿಗೆ ಕೊಟ್ಟ ದೂರು ಅವುಗಳ ಮೇಲೆಯೇ ನಿಂತಿದೆ. ಅದರ ಪ್ರತಿಯನ್ನು ಅನುವಾದ ಮಾಡಿಸಿ ಅಲ್ಲಿಯ ವಕೀಲರಿಗೂ ಕಳಿಸಿದ್ದೇವೆ.

ಈಗಾಗಲೇ ಯಾರಾದರೂ ಹೂಂ ಅಂದಿದ್ದರೆ, ಬ್ಯಾಗ್ ಮನೆಯಲ್ಲೇ ಬಂದು ಕೂತಿದ್ದರೆ, ಹೆದರಿ ಹೊಳೆಗೆ ಎಸೆಯಬೇಡಿ, ಬಿಚ್ಚಿ ನೋಡಲೂ ಹೋಗಬೇಡಿ. ಮನೆಯ ಹಿರಿಯರಿಗೆ ಹೇಳಿ. ಗೊತ್ತಿರುವ ಒಬ್ಬ ವಕೀಲರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ, ಇಲ್ಲವೇ ಎನ್‌ಸಿಬಿಯ ‘ಮಾನಸ್’ ಸಹಾಯವಾಣಿ 1933ಕ್ಕೆ ಫೋನ್ ಮಾಡಿ. ಟಿಕೆಟ್ ದುಡ್ಡು ಕೊಡು ಅಂತ ಅವರು ಬೆದರಿಸಿದರೆ ಆ ಮೆಸೇಜನ್ನೂ ಪೊಲೀಸರಿಗೆ ತೋರಿಸಿ. ಆಗಸ್ಟ್ 1ಕ್ಕೆ ಬೋಟು ಮತ್ತೆ ಇಳಿಯುತ್ತದೆ, ಸಾಲ ಆಗ ತೀರಿಸಬಹುದು.