ಪಿಪ್ ಡೌನ್‌ಲೋಡ್: ಲ್ಯಾಬಿನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಇಡೀ ಬ್ಯಾಚ್ ಒಟ್ಟಿಗೆ ಪೈಥಾನ್ ಪ್ಯಾಕೇಜ್ ಹಾಕಲು ಕೂತರೆ ನೆಟ್ ನಿಂತೇ ಹೋಗುತ್ತದೆ. ಅದಕ್ಕೇ ಸೆಮಿಸ್ಟರ್ ಶುರುವಾಗುವ ಮೊದಲು, ರಾತ್ರಿ ಹೊತ್ತು, ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಶುರುಮಾಡುವ ಕ್ರಾನ್‌ನಲ್ಲಿ ಒಂದು ಶೆಲ್ ಸ್ಕ್ರಿಪ್ಟ್ ಓಡಿಸುತ್ತೇನೆ. ಅದರೊಳಗಿರುವುದು, ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಎಂಬ ಟೂಲಿಗೆ 2016ರಲ್ಲಿ ಬಂದ 'ಪಿಪ್ ಡೌನ್‌ಲೋಡ್' ಕಮಾಂಡ್. ಪೈಥಾನ್ ಪ್ಯಾಕೇಜ್‌ಗಳ ಆನ್‌ಲೈನ್ ಭಂಡಾರವಾದ ಪೈಪಿಐಯಿಂದ ಬೇಕಾದ್ದನ್ನೆಲ್ಲ ಒಂದು ಫೋಲ್ಡರಿಗೆ ತಂದಿಡುತ್ತದೆ. ಹುಡುಗರು ನೋ-ಇಂಡೆಕ್ಸ್ (ಪೈಪಿಐ ಕಡೆ ಹೋಗಬೇಡ), ಫೈಂಡ್-ಲಿಂಕ್ಸ್ (ಈ ಫೋಲ್ಡರಿನಲ್ಲಿ ಹುಡುಕು) ಎಂಬ ಆಯ್ಕೆ ಕೊಟ್ಟು ಕಾಲೇಜಿನ ಒಳಗಿನ ನೆಟ್‌ವರ್ಕ್ ಆದ ಲ್ಯಾನ್‌ನಿಂದಲೇ ಹಾಕಿಕೊಳ್ಳುತ್ತಾರೆ. ಇಷ್ಟರ ಮಟ್ಟಿಗೆ ದೂರೇ ಇಲ್ಲ.

ತೊಡಕು ಬೇರೆ ಕಡೆ ಇದೆ. ಏನೂ ಹೇಳದಿದ್ದರೆ ಇದು ತಾನು ಓಡುತ್ತಿರುವ ಕಂಪ್ಯೂಟರಿಗೆ ಹೊಂದುವ ಫೈಲ್‌ಗಳನ್ನೇ ತರುತ್ತದೆ. ನಮ್ಮ ಸರ್ವರ್ ಉಬುಂಟು, ಲ್ಯಾಬಿನಲ್ಲಿ ವಿಂಡೋಸೂ ಇದೆ. ಹಾಗಾಗಿ ಪ್ಲಾಟ್‌ಫಾರ್ಮ್, ಪೈಥಾನ್-ವರ್ಷನ್ ಎಂಬ ಎರಡು ಆಯ್ಕೆಗಳನ್ನೂ ಬಿಡಿಸಿ ಹೇಳಬೇಕು. ಜೊತೆಗೆ ಸಿದ್ಧ ಫೈಲ್ ಮಾತ್ರ ಸಾಕು ಎನ್ನುವ ಓನ್ಲಿ-ಬೈನರಿಯೂ ಬೇಕು, ಇಲ್ಲದಿದ್ದರೆ ಡಿಪೆಂಡೆನ್ಸಿ (ಪ್ಯಾಕೇಜ್ ನೆಚ್ಚಿಕೊಂಡ ಬೇರೆ ಪ್ಯಾಕೇಜ್‌ಗಳು) ಸಮೇತ ತರಲು ಪಿಪ್ ಒಪ್ಪುವುದಿಲ್ಲ. ಆದರೆ ಹಾಗೆ ಕೊಟ್ಟಾಗ ವೀಲ್ (ನೇರ ಹಾಕಿಕೊಳ್ಳುವ ಸಿದ್ಧ ಫೈಲ್) ಇಲ್ಲದ, ಬರೀ ಸೋರ್ಸ್ ಇರುವ ಹಳೇ ಪ್ಯಾಕೇಜ್‌ಗಳು ಸಿಗುವುದಿಲ್ಲ. ಅವನ್ನು ಬೇರೆಯಾಗಿ ತರಬೇಕು.

ಪಟ್ಟಿ ಕೊಡುವ ರೀತಿಯಲ್ಲೂ ಒಂದು ಸೂಕ್ಷ್ಮ ಇದೆ. ಬೇಕಾದ ಪ್ಯಾಕೇಜ್‌ಗಳ ಹೆಸರಿರುವ ಇಡೀ ರಿಕ್ವೈರ್‌ಮೆಂಟ್ಸ್ ಫೈಲನ್ನು ಒಮ್ಮೆಲೇ ಕೊಟ್ಟಾಗ ಒಂದು ಹೆಸರು ತಪ್ಪಿದ್ದರೂ ಬೆಳಿಗ್ಗೆ ಫೋಲ್ಡರ್ ಖಾಲಿ. ಲೂಪ್ ಹಾಕಿ ಒಂದೊಂದೇ ಇಳಿಸಿದರೆ ಈ ಕಾಟ ಇಲ್ಲ. ಆದರೆ ಪ್ರತಿ ಪ್ಯಾಕೇಜೂ ಲೆಕ್ಕಾಚಾರದ ಲೈಬ್ರರಿ ನಂಪೈಯಲ್ಲಿ ತನಗೆ ಬೇಕಾದ ವರ್ಷನ್ ಆರಿಸಿಕೊಂಡು, ಒಂದೇ ಫೋಲ್ಡರಿನಲ್ಲಿ ಹಲವು ನಂಪೈ ಸೇರುತ್ತವೆ! ವರ್ಷನ್‌ಗಳನ್ನು ಕಟ್ಟಿಹಾಕುವ ಕನ್‌ಸ್ಟ್ರೇಂಟ್ಸ್ ಫೈಲ್ ಜೊತೆಗೆ ಕೊಟ್ಟರೆ ಲೂಪೇ ವಾಸಿ.

ಟಾರ್ಚ್ (ಮೆಷಿನ್ ಲರ್ನಿಂಗ್ ಲೈಬ್ರರಿ ಪೈಟಾರ್ಚ್‌ನ ಪ್ಯಾಕೇಜ್) ಇಳಿಸುವವರು ಹುಷಾರಾಗಿರಿ. ಲಿನಕ್ಸಿಗೆ ಸುಮ್ನೆ ಹೆಸರು ಕೊಟ್ಟರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಲೈಬ್ರರಿಗಳೂ ಗಿಗಾಬೈಟ್‌ಗಟ್ಟಲೆ ಬರುತ್ತವೆ. ನಮ್ಮಲ್ಲಿ ಆ ಕಾರ್ಡೇ ಇಲ್ಲ. ಸಿಪಿಯುಗೆ ಮಾತ್ರ ಮಾಡಿದ ಫೈಲ್‌ಗಳಿಗೆ ಪೈಟಾರ್ಚ್‌ನವರದೇ ಬೇರೆ ಇಂಡೆಕ್ಸ್ (ಡೌನ್‌ಲೋಡ್ ವಿಳಾಸ) ಇದೆ, ಅದನ್ನು ಕೊಡಿ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ರೂಟರ್ ಆಫ್ ಆದರೆ ದೊಡ್ಡ ಫೈಲ್ ಮೊದಲಿಂದ ಶುರುವಾಗುತ್ತಿತ್ತು. 2025ರ ಪಿಪ್‌ನಲ್ಲಿ ಕನೆಕ್ಷನ್ ಕಡಿದರೆ ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಬಂದಿದೆ. ಪಿಪ್ ಅಪ್‌ಡೇಟ್ ಮಾಡಲು ಇದೊಂದೇ ಕಾರಣ ಸಾಕು.

ಪೈಪಿಐಯನ್ನು ಪೂರ್ತಿ ನಕಲು ಮಾಡುವ ಬ್ಯಾಂಡರ್‌ಸ್ನ್ಯಾಚ್ ಟೂಲ್ ಹಾಕಿ ಪೈಪಿಐ ಪೂರ್ತಿ ಇಳಿಸಿ ಅಂತ ಕೆಲವರು ಹೇಳುತ್ತಾರೆ. ಅದು ಎಷ್ಟೋ ಟೆರಾಬೈಟ್. ನಮ್ಮಂಥ ಲ್ಯಾಬಿಗೆ ಯಾಕೆ, ಅಲ್ವಾ? ನಮ್ಮ ಫೋಲ್ಡರ್ ಒಂದು ಹಾರ್ಡ್ ಡಿಸ್ಕಿನಲ್ಲಿ ಚಿತ್ರದುರ್ಗದ ಗೆಳೆಯರ ಲ್ಯಾಬಿಗೂ ಬಸ್ಸಿನಲ್ಲಿ ಹೋಗಿ ಬರುತ್ತದೆ. ಎರಡೂ ಕಡೆ ಪೈಥಾನ್ ವರ್ಷನ್ ಒಂದೇ ಇಟ್ಟುಕೊಂಡಿದ್ದೇವೆ.

ಐದಕ್ಕೆ ನಾಲ್ಕು ಸ್ಟಾರ್. ಹೊಸ ವರ್ಷನ್ ಬಂದಾಗ ಹಳೇ ಫೈಲ್ ತಾನಾಗಿ ಹೋಗುವುದಿಲ್ಲ, ಅದಕ್ಕೇ ಒಂದು ಕಡಿಮೆ. ಅಳಿಸುವ ಕೆಲಸ ಇನ್ನೂ ನನ್ನದೇ.