ಸುಂಕಕ್ಕಿಂತ ಸುಂಕದ ಬಾಲ ಉದ್ದ: ಒಬ್ಬ ಕಸ್ಟಮ್ಸ್ ಏಜೆಂಟರ ಸೇವೆ ಕುರಿತು

2024ರ ನವೆಂಬರಿನಲ್ಲಿ ಕಲಬುರಗಿಯ ಕಪನೂರಿನಲ್ಲಿರುವ ನಮ್ಮ ಬೇಳೆ ಮಿಲ್ಲಿಗೆ ಚೀನಾದ ಹೆಫೆ ನಗರದಿಂದ ಬಣ್ಣ ನೋಡಿ ಬೇಳೆ ವಿಂಗಡಿಸುವ ಯಂತ್ರ ತರಿಸಿದೆವು. ಯಾವ ಕಂಪನಿಯದಾದರೂ ನಮ್ಮೂರಿನ ಕಾಳುಕಡಿ ಮಾರುಕಟ್ಟೆಯಾದ ನೆಹರು ಗಂಜ್‌ನಲ್ಲಿ ಅದರ ಹೆಸರು ಸಾರ್ಟೆಕ್ಸ್ ಎಂದೇ. ಕಪ್ಪು ಕಾಳನ್ನೋ ಸಿಪ್ಪೆ ಬಿಡದ ಬೇಳೆಯನ್ನೋ ಕ್ಯಾಮೆರಾ ಹಿಡಿಯುತ್ತದೆ, ಗಾಳಿ ಊದಿ ಹೊರಗೆ ಹಾರಿಸುತ್ತದೆ. ಡಿಸೆಂಬರ್ ಕೊನೆಗೆ ಹೊಸ ತೊಗರಿ ಬರತೊಡಗುತ್ತದೆ. ಅಷ್ಟರಲ್ಲಿ ಯಂತ್ರ ಕೂರಿಸಲೇಬೇಕಿತ್ತು.

ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಿಂದ ಸರಕು ಬಿಡಿಸಿಕೊಡಲು ನವಿ ಮುಂಬೈನ ಒಬ್ಬ ಏಜೆಂಟರನ್ನು ಪಕ್ಕದ ಮಿಲ್ಲಿನವರು ಹೇಳಿದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೊಗಳುವುದೂ ಇದೆ, ಜಗಳವೂ ಇದೆ.

ಹೊಗಳಿಕೆ ಮೊದಲು. ಹಡಗು ಹೊರಡುವ ಮುನ್ನವೇ ಅವರು ಕೇಳಿದ್ದು ಇನ್‌ವಾಯ್ಸ್ ಅಲ್ಲ, ಮರದ ಪೆಟ್ಟಿಗೆಯ ಫೋಟೊ. ಹಲಗೆಯನ್ನು ಕಾಯಿಸಿ ಹುಳ ಕೊಂದಿದ್ದಾರೆ ಎನ್ನುವುದಕ್ಕೆ ಗೋಧಿ ತೆನೆಯ ಗುರುತಿನ ಮುದ್ರೆ ಇರಬೇಕಂತೆ. ಅದಿಲ್ಲದಿದ್ದರೆ ಒಳಗಿನ ಯಂತ್ರ ಎಷ್ಟೇ ಚೆನ್ನಾಗಿರಲಿ, ಪೆಟ್ಟಿಗೆಯೇ ತಕರಾರು.

ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರ ಕೊಡುವ ಕಸ್ಟಮ್ಸ್ ಅರ್ಜಿ, ಸಲ್ಲಿಸಿದ ಮೇಲೆ ಬಂದ ಪ್ರಶ್ನೆಯನ್ನೂ ಅವರು ಚೆನ್ನಾಗಿಯೇ ನಿಭಾಯಿಸಿದರು. 2020ರಿಂದ ಕಾಗದ ಪರಿಶೀಲಿಸುವ ಅಧಿಕಾರಿ ಸರಕು ಇಳಿದ ಬಂದರಿನಲ್ಲೇ ಇರಬೇಕೆಂದಿಲ್ಲ. ದೇಶದ ಬೇರೆ ಯಾವುದೋ ಊರಿನಲ್ಲಿ ಕೂತು ಕಂಪ್ಯೂಟರಿನಲ್ಲೇ ನೋಡುತ್ತಾರೆ. ನಮ್ಮ ಕ್ಯಾಟಲಾಗಿನ ಎರಡನೆಯ ಪುಟದಲ್ಲಿ ಇದೇ ಯಂತ್ರ ಪ್ಲಾಸ್ಟಿಕ್ ಚೂರು ವಿಂಗಡಿಸುವ ಚಿತ್ರವಿತ್ತು. ಇದು ಕಾಳಿನ ಯಂತ್ರವೋ ಪ್ಲಾಸ್ಟಿಕ್ಕಿನದೋ ಎಂದು ಅಧಿಕಾರಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಬೀಜ, ಧಾನ್ಯ, ಬೇಳೆಕಾಳು ವಿಂಗಡಿಸುವ ಯಂತ್ರಕ್ಕೆ ಸುಂಕದ ಪಟ್ಟಿಯಲ್ಲಿ 8437 ಎಂಬ ಶೀರ್ಷಿಕೆ ಇದೆ. ಅದರಿಂದ ಜಾರಿದರೆ ಬೇರೆ ಶೀರ್ಷಿಕೆ, ಬೇರೆ ವಾದ. ಏಜೆಂಟರು ಅಂದೇ ತಯಾರಕರಿಂದ ವಿವರಣೆ ಬರೆಸಿ, ಕಸ್ಟಮ್ಸ್‌ಗೆ ಆನ್‌ಲೈನ್‌ನಲ್ಲಿ ಕಾಗದ ಸಲ್ಲಿಸುವ ಇ-ಸಂಚಿತ್‌ಗೆ ಏರಿಸಿದರು, ಮರುದಿನ ಪ್ರಶ್ನೆ ಮುಗಿಯಿತು.

ಇನ್ನು ಜಗಳ. ನನ್ನ ಆಮದು-ರಫ್ತು ಕೋಡ್ ಚಾಲ್ತಿಯಲ್ಲಿದೆಯೇ ಎಂದು ಅವರು ಕೇಳಿದ್ದು ಹಡಗು ಮುಟ್ಟಲು ಎರಡು ದಿನ ಇರುವಾಗ. ಆ ಕೋಡನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಆನ್‌ಲೈನ್‌ನಲ್ಲಿ ಖಚಿತಪಡಿಸಬೇಕು, ಬದಲಾವಣೆ ಏನೂ ಇಲ್ಲದಿದ್ದರೂ. ನಾನು ಮಾಡಿರಲಿಲ್ಲ, ನಿಷ್ಕ್ರಿಯವಾಗಿತ್ತು. ಅದು ಸರಿಯಾಗುವವರೆಗೆ ಬಿಲ್ ಆಫ್ ಎಂಟ್ರಿ ಸಲ್ಲಿಸುವಂತಿರಲಿಲ್ಲ. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಪೆಟ್ಟಿಗೆಯ ಮುದ್ರೆ ಕೇಳಿದವರಿಗೆ ಇದನ್ನೂ ಆಗಲೇ ಕೇಳಲು ಏನಾಗಿತ್ತು? ಚೀನಾದಿಂದ ಬರುವ ಸರಕಿಗೆ ಹಡಗು ಮುಟ್ಟುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ನಂತರ ದಿನಕ್ಕೆ 10,000. ನಮಗೆ ಎರಡು ದಿನ ತಡವಾಯಿತು, ಹತ್ತು ಸಾವಿರ ಹೋಯಿತು.

ಸುಂಕದ ಲೆಕ್ಕದಲ್ಲಿ ಮಾತ್ರ ಒಂದು ರೂಪಾಯಿಯೂ ಆಚೀಚೆ ಆಗಲಿಲ್ಲ. ಹಡಗು ಬಾಡಿಗೆ, ವಿಮೆ ಸೇರಿದ ಬೆಲೆ ಒಂದು ಲಕ್ಷ ಎಂದಿಟ್ಟುಕೊಳ್ಳಿ. ಮೂಲ ಸುಂಕ ಶೇ 7.5, ಅಂದರೆ 7,500. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಅಧಿಭಾರ, 750. ಎಲ್ಲ ಕೂಡಿ 1,08,250. ಅದರ ಮೇಲೆ ಶೇ 18 ಐಜಿಎಸ್‌ಟಿ, ಅಂದರೆ ಆಮದಿಗೆ ಕಟ್ಟುವ ಜಿಎಸ್‌ಟಿ, 19,485. ಜಿಎಸ್‌ಟಿ ಬೀಳುವ ಸರಕು ಮಾರುವವರಿಗೆ ಈ ಕೊನೆಯದು ಜಿಎಸ್‌ಟಿ ಜಮೆಯಲ್ಲಿ ವಾಪಸ್ ಸಿಗುತ್ತದೆ. ಹಾಗೆ ಪೂರ್ತಿ ಸಿಕ್ಕರೆ ಲಕ್ಷಕ್ಕೆ ನಿಜವಾದ ಹೊರೆ 8,250. ಡಾಲರಿನ ದರ ಬ್ಯಾಂಕಿನದಲ್ಲ, ಕಸ್ಟಮ್ಸ್ ಪ್ರಕಟಿಸಿದ್ದು. ಬರ್ಮಾ, ಆಫ್ರಿಕಾದ ತೊಗರಿ ಸುಂಕವಿಲ್ಲದೆ ಇಳಿಯುತ್ತಿರುವಾಗ ನಮ್ಮ ತೊಗರಿ ಹಸನು ಮಾಡುವ ಯಂತ್ರಕ್ಕೆ ಸುಂಕ ಏಕೆ ಎಂದು ಕೇಳಬೇಕೆನಿಸಿತು, ಆದರೆ ಅದನ್ನು ಏಜೆಂಟರಿಗೆ ಕೇಳಿ ಫಲವಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಸುಂಕ ಕಟ್ಟಿದ ಮೇಲೆ. ನಮ್ಮ ಪೆಟ್ಟಿಗೆ ಹತ್ತಾರು ಜನರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ ಬಂದಿತ್ತು. ಹಡಗಿನ ಬಾಡಿಗೆಯನ್ನು ಯಂತ್ರ ಮಾರಿದವರೇ ಕೊಟ್ಟಿದ್ದರು, ಅದೂ ನಂಬಲಾಗದಷ್ಟು ಅಗ್ಗ. ಅಗ್ಗದ ಗುಟ್ಟು ಇಲ್ಲಿ ತಿಳಿಯಿತು: ಅಲ್ಲಿ ಬಿಟ್ಟದ್ದನ್ನು ಇಲ್ಲಿ ವಸೂಲು ಮಾಡುತ್ತಾರೆ. ಸರಕು ಬಿಡಲು ಬೇಕಾದ ಡೆಲಿವರಿ ಆರ್ಡರ್ ಕೊಡುವವರು ಹಾಗೆ ಒಟ್ಟುಗೂಡಿಸಿ ತಂದ ಸಾಗಣೆದಾರರ ಇಲ್ಲಿನ ಪ್ರತಿನಿಧಿ. ಅವರು 41,000 ರೂಪಾಯಿಯ ಬಿಲ್ ಹಿಡಿದು ಕೂತಿದ್ದರು: ಕಂಟೇನರ್ ಬಿಚ್ಚಿದ್ದಕ್ಕೆ, ಕಾಗದ ಕೊಟ್ಟಿದ್ದಕ್ಕೆ, ನಿರ್ವಹಣೆಗೆ, ಮತ್ತೆ ಇನ್ನೊಂದು ನಿರ್ವಹಣೆಗೆ. ಚೌಕಾಸಿ ಮಾಡುತ್ತ ಕೂತರೆ ಗೋದಾಮಿನ ಬಾಡಿಗೆ ಏರುತ್ತದೆ. ನಮ್ಮ ಲೆಕ್ಕ ಬರೆಯುವ ದಿವಾನಜಿ ಬಿಲ್ಲನ್ನು ಎರಡು ಸಲ ಓದಿ, “ಅಕ್ಕಾವರೇ, ಇದು ಸುಂಕವಲ್ಲ, ಸುಂಕದ ಬಾಲ” ಎಂದರು.

ಏಜೆಂಟರಿಗೆ ಫೋನ್ ಮಾಡಿದೆ. “ಮೇಡಂ, ಇದು ಎಲ್ಲರಿಗೂ ಇದ್ದದ್ದೇ” ಎಂದರು. ಎಲ್ಲರಿಗೂ ಇದ್ದದ್ದಾದರೆ ಅವರು ಮೊದಲು ಕೊಟ್ಟ ಅಂದಾಜು ಪಟ್ಟಿಯಲ್ಲಿ ಆ ಸಾಲು ಏಕಿರಲಿಲ್ಲ? ಪಟ್ಟಿಯಲ್ಲಿ ಇದ್ದದ್ದು ಸುಂಕ, ಅವರ ಶುಲ್ಕ 12,000, ಲಾರಿ ಬಾಡಿಗೆ, ಇಷ್ಟೇ.

ಐದಕ್ಕೆ ಮೂರು ಕೊಡುತ್ತೇನೆ. ಕಸ್ಟಮ್ಸ್ ಕೆಲಸಕ್ಕೆ ಐದು ಕೊಡಬಹುದಿತ್ತು, ಬಾಯಿ ಮುಚ್ಚಿಕೊಂಡಿದ್ದಕ್ಕೆ ಎರಡು ಕಳೆದಿದ್ದೇನೆ. ಬಿಡಿಭಾಗ ತರಿಸುವಾಗಲೂ ಇವರನ್ನೇ ಕೇಳುತ್ತೇನೆ. ಆದರೆ ಸಾಗಣೆದಾರರನ್ನು ನಾನೇ ಗೊತ್ತುಮಾಡಿ, ಇಲ್ಲಿನ ಎಲ್ಲ ಖರ್ಚನ್ನೂ ಬರೆಸಿಕೊಂಡ ಮೇಲೆ.

ಲಾರಿ ಸೊಲ್ಲಾಪುರದ ದಾರಿಯಾಗಿ ಡಿಸೆಂಬರ್ 19ರ ರಾತ್ರಿ ಮಿಲ್ಲಿಗೆ ಮುಟ್ಟಿತು. ಪೆಟ್ಟಿಗೆಯ ಹಲಗೆಗಳನ್ನು ದಿವಾನಜಿ ಬಿಸಾಡಲು ಬಿಡಲಿಲ್ಲ. ಈಗ ಅವು ಗೋದಾಮಿನಲ್ಲಿ ತೊಗರಿ ಚೀಲಗಳ ಅಡಿಗಿವೆ, ಒಂದರ ಮೇಲೆ ಗೋಧಿ ತೆನೆಯ ಮುದ್ರೆ ಇನ್ನೂ ಕಾಣುತ್ತದೆ.